ಬಾಣದ ಹಲಗೆಯ ಮೇಲೆ ಅಪ್ಪ

ಹೋದ ತಿಂಗಳು ನಮ್ಮ ಗಾರ್ಮೆಂಟ್ಸಿನ ಹೆಂಗಸರೆಲ್ಲ ಸೇರಿ ರಜೆಯ ದಿನ ಮೈಸೂರು ರಸ್ತೆಯ ಒಂದು ಮಾಲ್‌ಗೆ ಹೋಗಿದ್ದೆವು. ಕೊಳ್ಳುವುದೇನೂ ಇರಲಿಲ್ಲ. ತಣ್ಣನೆ ಗಾಳಿಯಲ್ಲಿ ಓಡಾಡಿ, ಎಸ್ಕಲೇಟರ್ ಮೇಲೆ ಎರಡು ಸಲ ಹತ್ತಿ ಇಳಿದು, ಫೋಟೊ ತೆಗೆದುಕೊಂಡು ಬಸ್ ಹಿಡಿಯುವುದಷ್ಟೇ ಕೆಲಸ. ಮೇಲಿನ ಮಹಡಿಯಲ್ಲಿ ಆಟದ ಜಾಗವಿತ್ತು. ಅದರ ಬಾಗಿಲು ದಾಟಿದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಕಾದ ಪ್ಲಾಸ್ಟಿಕ್ಕು, ಬೆವೆತ ಕಾಲುಚೀಲ, ನೆಲ ಒರೆಸಿದ ಫಿನಾಯಿಲು, ಮೂರೂ ಬೆರೆತ ವಾಸನೆ. ಕಣ್ಣು ತಾನಾಗಿಯೇ ಮೂಲೆ ಮೂಲೆ ಹುಡುಕಿತು. ಕೊನೆಯ ಮೂಲೆಯಲ್ಲಿ ಅದು ನಿಂತಿತ್ತು, ನಾಲ್ಕು ಬಾಣದ ಹಲಗೆ ಮುಂದೆ ಚಾಚಿಕೊಂಡು, ದೀಪ ಮಿಣುಕಿಸುತ್ತ. ಜೊತೆಯವರು ಕರೆಯುತ್ತಿದ್ದರು. ನನಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ಅಂಥದ್ದನ್ನು ನಾನು ಹಿಂದೆ ಕಂಡದ್ದು ಹೊಸ ಎಕ್ಸ್‌ಪ್ರೆಸ್ ರಸ್ತೆ ತೆರೆದ ವರ್ಷದ ಮಳೆಗಾಲದಲ್ಲಿ. ರಾಮನಗರ ದಾಟಿ ಚನ್ನಪಟ್ಟಣದ ಕಡೆ ಹೋಗುವ ಹಳೇ ರಸ್ತೆಯಲ್ಲಿ ಒಂದು ದೊಡ್ಡ ಹೋಟೆಲಿತ್ತು. ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಗೇಮ್ ಜೋನ್. ಮೈಸೂರಿಗೆ ಹೋಗುವ ಕಾರುಗಳು ನಿಂತು, ದೊಡ್ಡವರು ದೋಸೆ ತಿಂದು ಕಾಫಿ ಕುಡಿಯುವಷ್ಟರಲ್ಲಿ ಮಕ್ಕಳು ನನ್ನ ಕೌಂಟರಿಗೆ ಮುತ್ತಿಕೊಳ್ಳುತ್ತಿದ್ದವು. ಟೋಕನ್ ಕೊಡುವವಳು ನಾನು. ಭಾನುವಾರಗಳಲ್ಲಿ ಉಗುಳು ನುಂಗಲೂ ಪುರುಸೊತ್ತಿರುತ್ತಿರಲಿಲ್ಲ. ಹೊಸ ರಸ್ತೆ ತೆರೆದದ್ದೇ ತೆರೆದದ್ದು, ಕಾರುಗಳೆಲ್ಲ ಅತ್ತ ಹರಿದುಹೋದವು. ನಮ್ಮ ಕಡೆ ಉಳಿದದ್ದು ಸರ್ಕಾರಿ ಬಸ್ಸು, ಹಾಲಿನ ಗಾಡಿ, ಹಿಪ್ಪುನೇರಳೆ ಸೊಪ್ಪು ಹೇರಿಕೊಂಡ ಟೆಂಪೊ. ಅವರ್ಯಾರೂ ಬಂಪರ್ ಕಾರು ಓಡಿಸಲು ನಿಲ್ಲುವವರಲ್ಲ. ಜೂನ್ ಕಳೆಯುವಷ್ಟರಲ್ಲಿ ದೋಸೆಕಲ್ಲಿನವರು ಇಬ್ಬರು ಕೆಲಸ ಬಿಟ್ಟಿದ್ದರು. ತಗಡು ಸೋರುತ್ತಿತ್ತು. ನಾನು ಬಕೆಟ್ ಇಟ್ಟುಕೊಂಡು, ಹನಿ ಬೀಳುವ ಜಾಗ ಬದಲಾದಾಗಲೆಲ್ಲ ಅದನ್ನೂ ಸರಿಸುತ್ತ ಕೂತಿರುತ್ತಿದ್ದೆ.

ಮ್ಯಾನೇಜರ್ ಒಂದು ದಿನ ಬಂದು, ಹೀಗೆ ಗುಮ್ಮನೆ ಕೂತರೆ ಅಪ್ಪಿತಪ್ಪಿ ನಿಲ್ಲುವ ಒಬ್ಬಿಬ್ಬರೂ ಬಾಗಿಲು ಹಾಕಿದೆ ಅಂದುಕೊಂಡು ಹೋಗುತ್ತಾರೆ, ಯಾವುದಾದರೂ ಒಂದು ಮಿಷಿನ್ ಸದ್ದು ಮಾಡುತ್ತಿರಬೇಕು, ನೀನೇ ಆಡುತ್ತಿರು ಎಂದ. ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡುತ್ತಿದ್ದದ್ದು ಡ್ಯಾನ್ಸ್ ಮಿಷಿನ್ನು. ಹೀಗೆ ನಾನು ಕುಣಿಯಲು ಶುರುಮಾಡಿದ್ದು ಸಂಬಳಕ್ಕೆ, ಸಂತೋಷಕ್ಕಲ್ಲ.

ಆಟ ಕೇಳಲು ಸುಲಭ. ಆಳೆತ್ತರದ ಪರದೆ, ಮುಂದೆ ಗೇಣೆತ್ತರದ ಕಬ್ಬಿಣದ ಹಲಗೆ. ಹಲಗೆಯ ಮೇಲೆ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಒಂದೊಂದು ಬಾಣ. ಬೆನ್ನ ಹಿಂದೆ ಹಿಡಿದುಕೊಳ್ಳಲು ಒಂದು ಸರಳು. ಹಾಡು ಶುರುವಾದರೆ ಪರದೆಯ ಕೆಳಗಿನಿಂದ ಬಾಣಗಳು ಏರಿ ಬರುತ್ತವೆ. ಮೇಲೆ ನಾಲ್ಕು ಖಾಲಿ ಬಾಣಗಳಿರುತ್ತವೆ. ಏರುವ ಬಾಣ ಖಾಲಿ ಬಾಣದೊಳಗೆ ಕೂರುವ ಗಳಿಗೆಗೆ ಸರಿಯಾಗಿ ಹಲಗೆಯ ಮೇಲಿನ ಅದೇ ಬಾಣವನ್ನು ತುಳಿಯಬೇಕು. ಹಾಡು ಮುಗಿದ ಮೇಲೆ ಪರದೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಬರುತ್ತದೆ. ಚೆನ್ನಾಗಿ ಆಡಿದರೆ ಎ, ಪರವಾಗಿಲ್ಲ ಅನ್ನುವಂತಿದ್ದರೆ ಬಿ, ಸಿ. ಆಮೇಲಿನವು ಮಾನ ಕಳೆಯುವ ಅಕ್ಷರಗಳು. ನನಗೆ ಮೊದಲ ವಾರವೆಲ್ಲ ಅವೇ ಬಂದವು. ಬಾಣ ಕಂಡ ಕೂಡಲೇ ತುಳಿದುಬಿಡುತ್ತಿದ್ದೆ, ಅದು ಇನ್ನೂ ಅರ್ಧ ದಾರಿಯಲ್ಲಿರುತ್ತಿತ್ತು. ಕಾಲು ಎಲ್ಲಿದೆ ಅಂತ ಕೆಳಗೆ ನೋಡಿದರೆ ಮೇಲೆ ನಾಲ್ಕು ಬಾಣ ದಾಟಿ ಹೋಗಿರುತ್ತಿದ್ದವು. ಮೊಣಕಾಲ ಕೆಳಗಿನ ಎಲುಬು ಸಿಡಿಯುತ್ತಿತ್ತು. ಅವ್ವ ರಾತ್ರಿ ಹರಳೆಣ್ಣೆ ತಿಕ್ಕುತ್ತ, ಟೋಕನ್ ಕೊಡೋ ಕೆಲಸಕ್ಕೆ ಕಾಲ್ಯಾಕೆ ನೋಯ್ತವೆ ಅಂತ ಕೇಳಿದ್ದಳು. ಹೇಳಿದರೆ ನಗುತ್ತಾಳೆಂದು ನಾನು ಹೇಳಲಿಲ್ಲ.

ನನಗೆ ಆಟ ಕಲಿಸಿದವಳು ಆಯಿಷಾ. ಅವ್ವ ಕೆಲಸ ಮಾಡುತ್ತಿದ್ದ ರೇಷ್ಮೆ ನೂಲಿನ ಘಟಕ ಅವಳ ತಂದೆಯದು. ಡಿಗ್ರಿ ಎರಡನೇ ವರ್ಷದಲ್ಲಿದ್ದಳು. ಒಂದು ಮಧ್ಯಾಹ್ನ ಕಾಲೇಜು ಮುಗಿಸಿ ಬಸ್ಸಿಗೆ ಕಾಯುತ್ತಿದ್ದವಳು ಮಳೆ ಜೋರಾಯಿತೆಂದು ಶೆಡ್ಡಿನೊಳಗೆ ಬಂದಳು. ನಾನು ಮಿಷಿನ್ ಮೇಲೆ ಒದ್ದಾಡುವುದನ್ನು ಒಂದು ಹಾಡಿನಷ್ಟು ಹೊತ್ತು ತಡೆದುಕೊಂಡಳು. ಆಮೇಲೆ ಬುರ್ಖಾದ ಅಂಚು ಎತ್ತಿ ಕೈಯಲ್ಲಿ ಹಿಡಿದು ಪಕ್ಕಕ್ಕೆ ಬಂದು ನಿಂತಳು. ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋದಾಗಲೆಲ್ಲ ಆಡಿ ಆಡಿ ಅವಳಿಗೆ ಕೈಬಂದಿತ್ತಂತೆ, ಕೈಯೇನು, ಕಾಲು. ಅವಳ ಕಾಲುಗಳು ಹಲಗೆಯನ್ನು ಸವರಿಕೊಂಡು ಹೋಗುತ್ತಿದ್ದವು, ನನ್ನಂತೆ ಭತ್ತ ಕುಟ್ಟುತ್ತಿರಲಿಲ್ಲ.

ಅವಳು ಒಂದೊಂದು ದಿನ ಒಂದೊಂದು ಹೇಳಿಕೊಟ್ಟಳು. ಕಾಲು ನೋಡಬೇಡಿ ಅಕ್ಕ, ಅದಕ್ಕೆ ಅದರ ಜಾಗ ಗೊತ್ತಾಗುತ್ತೆ ಅಂದಳು. ಬಾಣ ನೋಡಿ ತುಳಿಯಬೇಡಿ, ಹಾಡಿನೊಳಗಿನ ತಮಟೆ ಏಟಿಗೆ ತುಳಿಯಿರಿ ಅಂದಳು. ಮೂರನೆಯ ಪಾಠ ನನಗೆ ಬಹಳ ಕಷ್ಟವಾಯಿತು. ಹೊಸಬರೆಲ್ಲ ಒಂದು ಬಾಣ ತುಳಿದು ಕೂಡಲೇ ಕಾಲನ್ನು ಹಲಗೆಯ ನಡುವಿಗೆ ತಂದುಬಿಡುತ್ತಾರೆ, ಅಲ್ಲಿ ನಿಂತರೆ ಧೈರ್ಯ. ಆದರೆ ಹೋಗಿ ಬರುವುದರಲ್ಲೇ ಅರ್ಧ ಹೊತ್ತು ಹಾಳಾಗಿ, ಬಾಣಗಳು ಬೆನ್ನಿಗೆ ಬೆನ್ನು ಹತ್ತಿ ಬಂದಾಗ ಎಲ್ಲ ತಪ್ಪುತ್ತದೆ. ಕಾಲು ಇಟ್ಟಲ್ಲೇ ಇರಲಿ, ಅಲ್ಲಿಂದಲೇ ಮುಂದಿನ ಬಾಣಕ್ಕೆ ಹೋಗಿ, ನಡುವೆ ಅನ್ನೋದನ್ನೇ ಮರೆತುಬಿಡಿ ಅಂದಳು. ನಾನು ಮರೆತೆ. ಜುಲೈ ಮುಗಿಯುವಷ್ಟರಲ್ಲಿ ನನಗೆ ಮೊದಲ ಎ ಬಂತು. ಖಾಲಿ ಶೆಡ್ಡಿನಲ್ಲಿ ಇಬ್ಬರೂ ಕೈ ಹಿಡಿದು ಕುಪ್ಪಳಿಸಿದೆವು.

ಇಷ್ಟೇ ಆಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಮನೆಯಲ್ಲಿ ಅಪ್ಪನಿದ್ದ.

ಅಪ್ಪ ಪೂಜೆ ಕುಣಿತದವನು. ನಮ್ಮ ಸೀಮೆಯಲ್ಲಿ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಬಿದಿರ ದಬ್ಬೆಯ ಎತ್ತರದ ಚೌಕಟ್ಟು, ಅದರ ತುಂಬ ಬಣ್ಣದ ಸೀರೆ, ನಡುವೆ ಊರದೇವತೆ ಅಮ್ಮನ ಮುಖ. ಅದನ್ನು ತಲೆಯ ಮೇಲೆ ಹೊತ್ತು, ಕೈ ಮುಟ್ಟಿಸದೆ, ತಮಟೆಯ ಏಟಿಗೆ ಕುಣಿಯಬೇಕು. ಅಪ್ಪ ಹಾಗೆ ಹೊತ್ತುಕೊಂಡೇ ಏಣಿ ಹತ್ತಿ ಇಳಿಯುತ್ತಿದ್ದ. ಮಾಗಡಿ, ಕನಕಪುರ, ಕೋಡಿಹಳ್ಳಿ, ಎಲ್ಲಿ ಹೋದರೂ ಏಣಿ ರಾಮಣ್ಣ ಅಂದರೆ ಜನ ಗುರುತಿಸುತ್ತಿದ್ದರು. ಅಂಥವನಿಗೆ ಮೊದಲು ಅನ್ನ ಕಲಸುವ ಕೈ ನಡುಗಿತು. ಆಮೇಲೆ ಕಾಲು ನೆಲಕ್ಕೆ ಕಚ್ಚಿಕೊಳ್ಳಲು ಶುರುವಾಯಿತು. ಡಾಕ್ಟರು ಅದಕ್ಕೆ ಒಂದು ಇಂಗ್ಲಿಷ್ ಹೆಸರು ಹೇಳಿದರು, ವಾಸಿಯಾಗುವಂಥದ್ದಲ್ಲ, ಮಾತ್ರೆ ಬಿಡಬೇಡಿ, ಆದಷ್ಟು ನಡೆಸಿ ಅಂದರು. ನಡೆಸುವುದು ಹೇಗೆ? ಹೋಗುತ್ತಿದ್ದವನು ಹೊಸ್ತಿಲ ಬಳಿ ಬಂದರೆ ನಿಂತುಬಿಡುತ್ತಿದ್ದ. ಮೈ ಮುಂದಕ್ಕೆ ಬಾಗುತ್ತಿತ್ತು, ಪಾದ ನೆಲ ಬಿಡುತ್ತಿರಲಿಲ್ಲ. ಕಚ್ಚೆ ಒದ್ದೆಯಾಗುವವರೆಗೂ ಹಾಗೇ ನಿಂತು, ಆಮೇಲೆ ನಮ್ಮ ಮುಖ ನೋಡದೆ ತಿರುಗುತ್ತಿದ್ದ. ಆ ವರ್ಷ ಅವನು ಮನೆಯಿಂದಾಚೆ ಬರುವುದನ್ನೇ ಬಿಟ್ಟಿದ್ದ. ಹೀಗೇ ಬಿಟ್ಟರೆ ಹಾಸಿಗೆ ಹಿಡಿಯುತ್ತಾನೆ ಅನ್ನುವುದು ನನಗೂ ಅವ್ವನಿಗೂ ಗೊತ್ತಿತ್ತು. ಹೇಗಾದರೂ ಮಾಡಿ ಅವನ ಕಾಲು ಆಡಿಸಬೇಕು ಅನ್ನುವುದೊಂದೇ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು.

ಒಂದು ಬೆಳಗ್ಗೆ ಅವ್ವ ಕೆಲಸಕ್ಕೆ ತಡವಾಯಿತೆಂದು ರಂಗೋಲಿ ಬಿಡಿಸದೆ, ಹೊಸ್ತಿಲಿಂದ ಬೀದಿಯವರೆಗೆ ಅಡ್ಡಕ್ಕೆ ಐದು ಗೆರೆ ಎಳೆದು ಹೊರಟಳು. ಅಪ್ಪ ಬಾಗಿಲಿಗೆ ಬಂದ. ಗೆರೆ ನೋಡಿದ. ತುಳಿಯಬಾರದೆಂದು ಕಾಲೆತ್ತಿ ಒಂದು ದಾಟಿದ, ಇನ್ನೊಂದು ದಾಟಿದ, ಐದೂ ದಾಟಿ ಬೀದಿಯಲ್ಲಿ ನಿಂತ. ನಾನು ಸ್ಕೂಟಿ ಹೊರಗೆ ತೆಗೆಯುತ್ತಿದ್ದವಳು ಹಾಗೇ ನಿಂತೆ. ಅವನಿಗೆ ಖಾಲಿ ನೆಲ ಆಗುತ್ತಿರಲಿಲ್ಲ, ಇಲ್ಲಿ ಇಡು ಅಂತ ನೆಲದ ಮೇಲೆ ಒಂದು ಗುರುತಿದ್ದರೆ ಕಾಲು ಏಳುತ್ತಿತ್ತು. ನನಗೆ ಕೂಡಲೇ ನೆನಪಾದದ್ದು ಬಾಣದ ಹಲಗೆ.

ಮಾರನೆಯ ದಿನವೇ ಅವನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ. ಶೆಡ್ಡಿನ ಬಾಗಿಲಲ್ಲಿ ಕಾಲು ಕಚ್ಚಿತು. ಸೀಮೆಸುಣ್ಣದಲ್ಲಿ ಗೆರೆ ಎಳೆದು ಒಳಗೆ ಕರೆದುಕೊಂಡೆ. ಮಿಷಿನ್ ನೋಡಿ, ಇದೇನವ್ವ ಇದು ಸಿಡಿಲು ಬಡಿದಂಗೆ ಬೆಳಗ್ತದೆ ಅಂದ. ಚಪ್ಪಲಿ ಬಿಟ್ಟ. ನಡುಗುವ ಕೈಯಲ್ಲಿ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಆಮೇಲೆ ಹತ್ತಿದ. ಆಯಿಷಾ ತಲೆ ತಗ್ಗಿಸಿಕೊಂಡಳು. ಅಷ್ಟು ದಿನ ಅವಳು ಬೂಟು ಹಾಕಿಕೊಂಡೇ ಆಡುತ್ತಿದ್ದಳು, ಆ ದಿನದಿಂದ ಬಿಚ್ಚಿಟ್ಟಳು.

ಎಲ್ಲಕ್ಕಿಂತ ನಿಧಾನದ ಹಾಡು ಹಾಕಿ, ಸರಳು ಹಿಡಿಸಿ, ಎಡ, ಬಲ ಅಂತ ನಾನು ಕೂಗುತ್ತ ನಿಂತೆ. ಮೊದಲ ನಾಲ್ಕು ಬಾಣ ದಾಟಿಹೋದವು. ಐದನೆಯದಕ್ಕೆ ಅವನ ಎಡಗಾಲು ಎದ್ದಿತು. ನಿಜ ಹೇಳುತ್ತೇನೆ, ಅದು ಎದ್ದ ರೀತಿ ನೋಡಿ ನಾನು ಎಡ, ಬಲ ಕೂಗುವುದನ್ನೇ ಮರೆತೆ. ಮನೆಯಲ್ಲಿ ನೆಲಕ್ಕೆ ಅಂಟಿಕೊಳ್ಳುತ್ತಿದ್ದ ಕಾಲು ಅದಲ್ಲ. ಎಡಕ್ಕೆ ಹೋಗಿ ನಡುವಿಗೆ ಬಂತು, ಬಲಕ್ಕೆ ಹೋಗಿ ನಡುವಿಗೆ ಬಂತು. ಬೆನ್ನು ನೆಟ್ಟಗಾಯಿತು. ಕುತ್ತಿಗೆ ಅಲ್ಲಾಡಲಿಲ್ಲ, ತಲೆಯ ಮೇಲೆ ಇನ್ನೂ ಅಮ್ಮನಿದ್ದ ಹಾಗೆ. ಹಾಡು ಮುಗಿದಾಗ ಸಿ ಬಂತು. ಅಪ್ಪನಿಗೆ ಇಂಗ್ಲಿಷ್ ಬಾರದು. ಪರದೆ ನೋಡಿ, ಕುಡುಗೋಲು ಬಂತಲ್ಲ ಅಂದ. ಎ ಅಂದರೆ ಹೇಗಿರುತ್ತದೆ ಅಂತ ನಾನು ಧೂಳು ಕೂತ ಗಾಜಿನ ಮೇಲೆ ಬರೆದು ತೋರಿಸಿದೆ. ನೋಡಿದವನು, ಓ ಏಣಿ ಅಂದ.

ನಡುವಿಗೆ ಬರಬೇಡಪ್ಪ, ಬಂದರೆ ಏಣಿ ಬರುವುದಿಲ್ಲ ಅಂತ ಆ ದಿನವೇ ಹೇಳಿದ್ದೆ. ಅವನು ಮಗುವಿಗೆ ಹೇಳುವಂತೆ ಹೇಳಿದ.

"ನಡೂಕೆ ಬರ್ಬೇಕು ಕಣವ್ವ. ತಲೆ ಮೇಲೆ ತಾಯಿ ಅವ್ಳೆ ಅಂದ್ರೆ ಎತ್ಲಾಗೆ ಕಾಲಿಟ್ರೂ ಮತ್ತೆ ನಡೂಕೆ ಬರ್ಬೇಕು. ಇಲ್ದಿದ್ರೆ ವಾಲ್ಬುಡ್ತಾಳೆ."

ಆಗಸ್ಟ್ ಪೂರ್ತಿ ಅವನನ್ನು ವಾರಕ್ಕೆ ನಾಲ್ಕು ದಿನ ಕರೆದೊಯ್ದೆ. ಮ್ಯಾನೇಜರ್ ಕಂಡೂ ಕಾಣದಂತಿದ್ದ, ಸದ್ದು ಬೇಕಿತ್ತಲ್ಲ, ಸದ್ದಾಗುತ್ತಿತ್ತು. ಅಪ್ಪ ಎರಡು ಹಾಡು ಆಡಿ, ಟವಲ್ಲಿನಲ್ಲಿ ಬೆವರು ಒರೆಸಿಕೊಂಡು, ಕೌಂಟರಿನ ಪಕ್ಕ ಕೂತು ಮಳೆ ನೋಡುತ್ತಿದ್ದ. ಆಟ ಮುಗಿದ ಮೇಲೆ ಒಂದೆರಡು ಗಂಟೆ ಕಾಲು ಹಗುರವಿರುತ್ತಿತ್ತು. ಒಂದು ಸಂಜೆ ಯಾರೂ ಹಿಡಿಯದೆ ಬೀದಿ ಕೊನೆಯ ಅಂಗಡಿಗೆ ಹೋಗಿ ಎಲೆಅಡಿಕೆ ತಂದ. ಅವ್ವ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಬೆಂದ ರೇಷ್ಮೆಗೂಡಿನ ವಾಸನೆಯ ಕೈಯಲ್ಲಿ ನನ್ನ ಗಲ್ಲ ಹಿಡಿದು, ನೀ ಹುಟ್ಟಿದ್ದೂ ಸಾರ್ಥಕ ಆಯ್ತು ಅಂದಳು. ಅವ್ವನ ಬಾಯಲ್ಲಿ ಅಂಥ ಮಾತು ನಾನು ಅದುವರೆಗೆ ಕೇಳಿರಲಿಲ್ಲ. ಅಲ್ಲಿಗೆ ನಿಲ್ಲಿಸಬೇಕಿತ್ತು. ನನ್ನ ಹಣೆಬರಹ, ನನ್ನ ಕೊಬ್ಬು, ಏನಾದರೂ ಅನ್ನಿ.

ಅಪ್ಪ ಆಡುವುದನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್ ಹಾಕಿದೆ. ಊರೆಲ್ಲ ನೋಡಲಿ, ಏಣಿ ರಾಮಣ್ಣನ ಕಾಲು ಎದ್ದಿದೆ ಅಂತ ತಿಳಿಯಲಿ ಅನ್ನುವ ಆಸೆ. ನೋಡಿದರು, ನಕ್ಕರು. ಅಪ್ಪನ ಕೈಯಲ್ಲೇ ಕುಣಿತ ಕಲಿತ ಒಬ್ಬ, ಮಾವ ಎಲ್ಲಾ ಬುಟ್ಟು ಮಕ್ಕಳ ಆಟದಾಗೂ ಸಿ ತಗಂಡವ್ನೆ ಅಂತ ಬರೆದು, ಅದರ ಮುಂದೆ ನಗುವ ಮುಖ ಸಾಲಾಗಿ ಇಟ್ಟಿದ್ದ. ನನ್ನ ಮೈಯೆಲ್ಲ ಉರಿದುಹೋಯಿತು. ಅಪ್ಪನಿಗೆ ತೋರಿಸಲಿಲ್ಲ. ಆದರೆ ಆ ದಿನದಿಂದ ನನಗೆ ಅವನ ನಡಿಗೆ ಸಾಲದಾಯಿತು, ಎ ಬೇಕಾಯಿತು. ಅಪ್ಪನ ಎ ಹಿಡಿದು ಅವರ ಮುಖಕ್ಕೆ ರಾಚಬೇಕಾಯಿತು.

ಅಷ್ಟರಲ್ಲಿ ಮ್ಯಾನೇಜರ್ ಹೇಳಿದ, ಗೇಮ್ ಜೋನ್ ಮುಚ್ಚುತ್ತಾರಂತೆ, ಮಿಷಿನ್ ಎಲ್ಲ ಮಾರಿಯಾಗಿದೆ, ಗೌರಿ ಹಬ್ಬ ಕಳೆದ ಗುರುವಾರ ಲಾರಿ ಬರುತ್ತೆ. ನನಗೆ ಉಳಿದದ್ದು ಎಂಟು ದಿನ. ಮಿಷಿನ್ ಹೋದ ಮೇಲೆ ಅಪ್ಪನ ಕಾಲಿಗೆ ಏನು ಗತಿ ಅಂತ ಯೋಚಿಸಬೇಕಿತ್ತು. ಮನೆಯ ನೆಲದ ತುಂಬ ಬಾಣ ಬರೆದರೂ ಆಗುತ್ತಿತ್ತು. ನನಗೆ ಅದು ಹೊಳೆಯಲೂ ಇಲ್ಲ. ಎಂಟು ದಿನದಲ್ಲಿ ಏಣಿ ತರಿಸಬೇಕು, ಅಷ್ಟೇ.

ದಿನವೂ ಕರೆದುಕೊಂಡು ಹೋದೆ. ಅವನ ಕಾಲು ನಡುವಿಗೆ ಬಂದಾಗಲೆಲ್ಲ ಬೈದೆ. ಬರಬೇಡ, ಇಟ್ಟಲ್ಲೇ ಇಡು, ತಲೆ ಮೇಲೆ ಯಾರೂ ಇಲ್ಲ, ಯಾಕೆ ಹೆದರುತ್ತೀ ಅಂತ ಕೂಗಿದೆ. ತಲೆ ಮೇಲೆ ಯಾರೂ ಇಲ್ಲ ಅಂದದ್ದಕ್ಕೆ ಅವನು ಒಂದು ಗಳಿಗೆ ನನ್ನನ್ನೇ ನೋಡಿದ, ಆಮೇಲೆ ಪರದೆಗೆ ತಿರುಗಿದ. ಆಯಿಷಾ ನನ್ನನ್ನು ಪಕ್ಕಕ್ಕೆ ಕರೆದಳು.

"ಬಿಟ್ಬಿಡಿ ಅಕ್ಕ. ಅವ್ರು ಸ್ಕೋರಿಗೆ ಆಡ್ತಿಲ್ಲ."

ನಿನಗೇನು ಗೊತ್ತು ಅಂದೆ ನಾನು. ಕಲಿಸಿದವಳಿಗೇ ಹಾಗಂದೆ.

ನಾಲ್ಕನೆಯ ದಿನದ ಹೊತ್ತಿಗೆ ಅಪ್ಪ ನಾನು ಹೇಳಿದಂತೆ ಕೇಳಲು ಶುರುಮಾಡಿದ. ಜೀವಮಾನವೆಲ್ಲ ಕಾಲಿನಲ್ಲಿದ್ದ ಅಭ್ಯಾಸವನ್ನು ಮಗಳು ಕೇಳಿದಳೆಂದು ಬಿಟ್ಟುಕೊಟ್ಟ. ನಡುವನ್ನು ಬಿಟ್ಟು ಬಾಣದಿಂದ ಬಾಣಕ್ಕೆ ಹೋದ. ಬಿ ಬಂತು. ಆ ದಿನ ನಾನು ಎಷ್ಟು ಹಿಗ್ಗಿದೆನೆಂದರೆ, ಅವನು ಇಳಿಯುವಾಗ ಎರಡೂ ಕೈಯಲ್ಲಿ ಸರಳಿಗೆ ಜೋತುಬಿದ್ದದ್ದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಬುಧವಾರ ಕೊನೆಯ ದಿನ. ಬೆಳಗಿನಿಂದ ಮಳೆ ಹಿಡಿದಿತ್ತು, ತಗಡಿನ ಮೇಲಿನ ಸದ್ದಿಗೆ ಹಾಡು ಸರಿಯಾಗಿ ಕೇಳುತ್ತಿರಲಿಲ್ಲ. ಬೇಡ ಅಂತ ಅಪ್ಪನೇ ಅಂದ, ಇವತ್ತು ಕಾಲು ಯಾಕೋ ಒಸಿ ಭಾರ ಐತೆ ಅಂದ. ನಾಳೆ ಮಿಷಿನ್ ಇರಲ್ಲ ಕಣಪ್ಪ, ಒಂದೇ ಒಂದು ಹಾಡು ಅಂದೆ. ಅವನು ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದ. ನಾನು ಫೋನು ಎತ್ತಿ ಹಿಡಿದೆ. ಅರ್ಧ ಹಾಡಿನವರೆಗೆ ಒಂದೂ ತಪ್ಪಲಿಲ್ಲ. ಆಮೇಲೆ ಎಡ, ಮುಂದೆ, ಬಲ ಬೆನ್ನುಬೆನ್ನಿಗೆ ಬಂದವು. ಎಡಗಾಲು ಎಡದಲ್ಲಿತ್ತು, ಬಲಗಾಲು ಮುಂದಿತ್ತು, ನಡುವೆ ಯಾವುದೂ ಇರಲಿಲ್ಲ. ಕಾಲಿಗೆ ಕಾಲು ತೊಡರಿತು. ಕೈ ಸರಳನ್ನು ಹುಡುಕಿತು, ಸಿಗಲಿಲ್ಲ. ಹಲಗೆಯ ಅಂಚಿನಿಂದ ಸಿಮೆಂಟಿನ ಮೇಲೆ ಸೊಂಟ ಊರಿ ಬಿದ್ದ. ಒಣಕಟ್ಟಿಗೆ ಮುರಿದ ಸದ್ದು ಮಳೆಯ ಸದ್ದಿನಲ್ಲೂ ನನಗೆ ಕೇಳಿಸಿತು.

ಹಾಡು ನಿಲ್ಲಲಿಲ್ಲ. ನಾನು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿರುಚುತ್ತಿದ್ದರೆ ಬಾಣಗಳು ಏರುತ್ತಲೇ ಇದ್ದವು. ಕೊನೆಗೆ ಪರದೆಯಲ್ಲಿ ಅಕ್ಷರ ಬಂತು, ಮಾನ ಕಳೆಯುವ ಅಕ್ಷರಗಳಲ್ಲಿ ಎಲ್ಲಕ್ಕಿಂತ ಕೆಳಗಿನದು. ಅವನ ಮುಖ ಬಾಗಿಲ ಕಡೆಗಿತ್ತು. ನೋವಿಗೆ ಹಲ್ಲು ಕಚ್ಚಿಕೊಂಡೇ ಕೇಳಿದ.

"ಏಣಿ ಬಂತಾ ಮಗ?"

"ಬಂತು ಕಣಪ್ಪ."

ಸೊಂಟದ ಮೂಳೆಗೆ ಆಪರೇಷನ್ ಆಯಿತು. ಮೂಳೆ ಕೂಡಿತು, ಕಾಲು ಮತ್ತೆ ಏಳಲಿಲ್ಲ. ಇರುವ ಕಾಯಿಲೆಗೆ ಇದೂ ಸೇರಿದರೆ ಹೀಗೇ ಅಂದರು ಡಾಕ್ಟರು. ಆಯಿಷಾ ಆಸ್ಪತ್ರೆಗೆ ಬಂದು ಗೋಡೆಗೆ ಒರಗಿ ಅತ್ತಳು, ನಾನೇ ಹೇಳಿಕೊಟ್ಟಿದ್ದು ಅಕ್ಕ ಅಂತ. ಬಿಟ್ಬಿಡಿ ಅಂತಲೂ ನೀನೇ ಹೇಳಿದ್ದೆ ಅಂದೆ ನಾನು. ನೋಡಲು ಬಂದವರಿಗೆಲ್ಲ ಅಪ್ಪ ಹಾಸಿಗೆಯಿಂದಲೇ ಹೇಳುತ್ತಿದ್ದ, ಬಿದ್ದದ್ದೇನೋ ಸೈ, ಏಣಿ ಹತ್ತಿಯೇ ಬಿದ್ದೆ. ಆ ನಗುವ ಮುಖ ಕಳಿಸಿದವನಿಗೂ ಹೇಳಿದ. ಅವನು ತಲೆ ಆಡಿಸಿ ನನ್ನ ಕಡೆ ನೋಡಿದ. ನಾನು ಹೂಂ ಅಂದೆ. ಸುಳ್ಳನ್ನು ಒಂದು ಸಲ ಹೇಳಿದರೆ ಆಗುವುದಿಲ್ಲ, ಬಂದವರಿಗೆಲ್ಲ ಹೂಂಗುಟ್ಟುತ್ತಿರಬೇಕು.

ಅವ್ವ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಅವಳು ಬೆಳಗ್ಗೆ ಎದ್ದು ಹೊಸ್ತಿಲಿಂದ ಬೀದಿಯವರೆಗೆ ಐದು ಗೆರೆ ಎಳೆದೇ ಕೆಲಸಕ್ಕೆ ಹೋಗುತ್ತಿದ್ದಳು. ಅಪ್ಪ ಮುಂದಿನ ಮಳೆಗಾಲ ನೋಡಲಿಲ್ಲ. ಅವನು ಹೋದ ಮೇಲೂ ಸುಮಾರು ದಿನ ಆ ಗೆರೆಗಳು ಇದ್ದವು, ಆಮೇಲೆ ಒಂದು ದಿನ ಅವ್ವ ಸುಮ್ಮನೆ ಚುಕ್ಕಿ ಇಟ್ಟು ರಂಗೋಲಿ ಬಿಡಿಸಿದಳು.

ಮಾಲಿನಲ್ಲಿ ಜೊತೆಯವರು ತಿಂಡಿಯ ಕಡೆಗೆ ಹೋದರು. ನಾನು ಆಟದ ಕಾರ್ಡು ಮಾಡಿಸಿಕೊಂಡು ಮಿಷಿನ್ ಹತ್ತಿರ ಹೋದೆ. ಚಪ್ಪಲಿ ಬಿಟ್ಟೆ. ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿದೆ. ಎಲ್ಲಕ್ಕಿಂತ ನಿಧಾನದ ಹಾಡು ಹುಡುಕಿ ಹಾಕಿದೆ. ಎಡಕ್ಕೆ ಇಟ್ಟು ನಡುವಿಗೆ ಬಂದೆ, ಬಲಕ್ಕೆ ಇಟ್ಟು ನಡುವಿಗೆ ಬಂದೆ. ಬಾಣಗಳು ಬೆನ್ನುಬೆನ್ನಿಗೆ ಬಂದಾಗ ತಪ್ಪಿದವು, ತಪ್ಪಲಿ ಅಂತ ಬಿಟ್ಟೆ. ಅಲ್ಲಿ ಕೆಲಸಕ್ಕಿದ್ದ ಹುಡುಗಿ, ಕುತ್ತಿಗೆಯಲ್ಲಿ ಗುರುತಿನ ಚೀಟಿ ಹಾಕಿಕೊಂಡವಳು, ಸ್ವಲ್ಪ ಹೊತ್ತು ನೋಡಿ ಹತ್ತಿರ ಬಂದಳು.

"ಆಂಟಿ, ಮಧ್ಯಕ್ಕೆ ವಾಪಸ್ ಬರ್ಬೇಡಿ, ಸ್ಕೋರ್ ಜಾಸ್ತಿ ಬರುತ್ತೆ."

"ಗೊತ್ತು ಕಣಮ್ಮ" ಅಂದೆ.

ಹಿಂದಿನ ಬಾಣ ತುಳಿದು ನಡುವಿಗೆ ಬಂದು ನಿಂತೆ. ಕುತ್ತಿಗೆ ಅಲ್ಲಾಡದಂತೆ ನೋಡಿಕೊಂಡೆ. ಹಾಡು ಮುಗಿಯಿತು. ಪರದೆಯಲ್ಲಿ ಕುಡುಗೋಲು ಬಂತು.